ಲೆಕ್ಕಕ್ಕೆ ಸಿಗದ ಒಂದು ಸಾವು

ಕಳೆದ ಸತ್ರದಲ್ಲಿ ಅರ್ಥಶಾಸ್ತ್ರದ ಗುರುಗಳು ಒಬ್ಬೊಬ್ಬ ವಿದ್ಯಾರ್ಥಿಗೆ ಒಂದೊಂದು ಸರಕಾರಿ ವರದಿಯನ್ನು ಹಂಚಿ, ಅದರೊಳಗಿನ ಅಂಕಿ-ಅಂಶಗಳನ್ನು ಅಭ್ಯಾಸ ಮಾಡಿಕೊಂಡು ಬಂದು ತರಗತಿಯಲ್ಲಿ ವಿವರಿಸಬೇಕೆಂದು ಅಪ್ಪಣೆ ಮಾಡಿದರು. ನನ್ನ ಪಾಲಿಗೆ ಬಂದದ್ದು ದೇಶದ ರಸ್ತೆ ಅಪಘಾತಗಳ ವರದಿ. ಬೇರೆ ಯಾವುದಾದರೂ ಬಂದಿದ್ದರೆ ಚೆನ್ನಾಗಿತ್ತೆಂದು ಅನಿಸಿತು. ಕಾರಣವನ್ನು ಮುಂದೆ ಹೇಳುತ್ತೇನೆ.

1970ರಲ್ಲಿ ಇಡೀ ಭಾರತದಲ್ಲಿ ರಸ್ತೆಯ ಮೇಲೆ ಸತ್ತವರು ಸುಮಾರು 14,500 ಜನ. 2022ರಲ್ಲಿ 1,68,491. ಮರುವರ್ಷ ಅದು 1,72,000ವನ್ನೂ ದಾಟಿತು. ನಡುವೆ 2020ರಲ್ಲಿ, ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡು ಕುಳಿತಾಗ, ಸಂಖ್ಯೆ ಇಳಿದಿತ್ತು. ಹತ್ತು ಸಾವಿರ ವಾಹನಗಳಿಗೆ ಎಷ್ಟು ಸಾವೆಂದು ನೋಡಿದರೆ 1970ರಲ್ಲಿ ನೂರಕ್ಕೂ ಮಿಕ್ಕಿದ್ದುದು ಈಗ ಒಂದಂಕಿಗೆ ಬಂದಿದೆ. ಇದನ್ನು ಪ್ರಗತಿಯೆನ್ನುವವರೂ ಇದ್ದಾರೆ. ನನಗೆ ಆ ಗಣಿತ ಒಗ್ಗಲಿಲ್ಲ. 2022ರಲ್ಲಿ ಸತ್ತವರಲ್ಲಿ ನೂರಕ್ಕೆ 44ಕ್ಕಿಂತ ಹೆಚ್ಚು ಮಂದಿ ದ್ವಿಚಕ್ರ ವಾಹನದವರು. ಅಪಘಾತದ ಬಗೆಗಳಲ್ಲಿ ಹಿಂದಿನಿಂದ ಗುದ್ದಿದ್ದೇ ಎಲ್ಲಕ್ಕಿಂತ ಹೆಚ್ಚು. ನಿಂತ ವಾಹನಕ್ಕೆ ಗುದ್ದಿದವರಿಗೂ ಬೇರೆಯೇ ಒಂದು ಸಾಲಿದೆ. ಅಲ್ಲಿಗೆ ಬಂದಾಗ ವರದಿಯನ್ನು ಮುಚ್ಚಿಟ್ಟೆ.

ನಮ್ಮ ತಂದೆಯವರು ಟ್ರ್ಯಾಕ್ಟರ್ ನಡೆಸುತ್ತಾರೆ. ನನ್ನ ಕಾಲೇಜಿನ ಫೀ ಬಂದದ್ದೆಲ್ಲ ಕಬ್ಬಿನ ಬಾಡಿಗೆಯಿಂದ. ಸುಗ್ಗಿ ಆರಂಭವಾಯಿತೆಂದರೆ ಜಮಖಂಡಿ, ಮುಧೋಳ, ಬೀಳಗಿಯ ರಸ್ತೆಗಳ ಸ್ಥಿತಿ ನಿಮಗೆಲ್ಲ ತಿಳಿದದ್ದೇ. ಒಂದು ಇಂಜಿನ್ನಿಗೆ ಎರಡು ಟ್ರೇಲರು, ಅದರ ಮೇಲೆ ಮನೆಯಷ್ಟು ಎತ್ತರದ ಕಬ್ಬು. ಹಿಂದೆ ಇಳಿಬಿದ್ದ ಸೋಗೆಯಲ್ಲಿ ಕೆಂಪು ದೀಪ ಇದ್ದರೂ ಕಾಣದು. ನಮ್ಮದಕ್ಕಂತೂ ದೀಪವೇ ಇರಲಿಲ್ಲ.

2022ರ ಫೆಬ್ರವರಿ ಮೊದಲ ವಾರ. ನಾನಾಗ ಪಿ.ಯು.ಸಿ. ಎರಡನೆಯ ವರ್ಷದಲ್ಲಿದ್ದೆ. ಆ ರಾತ್ರಿ ತಂದೆಯವರ ಜೊತೆಗೆ ಹೋಗಿದ್ದೆ. ಮುಧೋಳದಿಂದ ಮಹಾಲಿಂಗಪುರದ ಕಡೆಗೆ ಹೋಗುವ ದಾರಿಯಲ್ಲಿ ಹಿಂದಿನ ಟ್ರೇಲರಿನ ಗಾಲಿ ಪಂಕ್ಚರಾಯಿತು. ತಂದೆಯವರು ಗಾಲಿಗೆ ಎರಡು ಕಲ್ಲು ಕೊಟ್ಟು, ಹಿಂದೆ ಒಂದು ಜಾಲಿಯ ಟೊಂಗೆ ಇಟ್ಟು, ಪಂಕ್ಚರಿನವನನ್ನು ಕರೆತರಲು ಹೊರಟರು. ಹೋಗುವಾಗ, 'ಬ್ಯಾಟರಿ ಹಿಡಕೊಂಡು ಹಿಂದ ನಿಂದರು, ಬಂದವರಿಗೆ ಬೆಳಕ ತೋರಸು' ಎಂದರು.

ನಾನು ಸ್ವಲ್ಪ ಹೊತ್ತು ನಿಂತೆ. ಚಳಿ ಇನ್ನೂ ಬಿಟ್ಟಿರಲಿಲ್ಲ. ಆಮೇಲೆ ಇಂಜಿನ್ನಿನ ಸೀಟಿನ ಮೇಲೆ ಕಂಬಳಿ ಹೊದ್ದು ಕುಳಿತೆ.

ಸಪ್ಪಳ ದೊಡ್ಡದೇನೂ ಆಗಲಿಲ್ಲ. ಕಬ್ಬಿನೊಳಗೆ ಏನೋ ಹೊಕ್ಕಂತಾಯಿತು, ಅಷ್ಟೆ. ಅವನು ಬನಹಟ್ಟಿಯ ಮಗ್ಗದ ಕೆಲಸದವನು. ಇಪ್ಪತ್ತನಾಲ್ಕು ವರ್ಷ. ಹೆಲ್ಮೆಟ್ಟು ಪೆಟ್ರೋಲ್ ಟಾಕಿಯ ಮೇಲೆ ಕಟ್ಟಿದ ಹಾಗೆಯೇ ಇತ್ತು. ಮೊದಲು ಹತ್ತಿರದ ಆಸ್ಪತ್ರೆಗೆ, ಅಲ್ಲಿಂದ ಬಾಗಲಕೋಟೆಗೆ ಒಯ್ದರು. ಮೂವತ್ತನಾಲ್ಕನೆಯ ದಿನ ತೀರಿಕೊಂಡ.

ಅಪಘಾತವಾಗಿ 30 ದಿನಗಳೊಳಗೆ ಸತ್ತವರನ್ನು ಮಾತ್ರ ಅಪಘಾತದಿಂದ ಸತ್ತವರೆಂದು ಹಿಡಿಯತಕ್ಕದ್ದೆಂದು ಆ ವರದಿಯ ವ್ಯಾಖ್ಯೆ ಹೇಳುತ್ತದೆ. ನಿಯಮದ ಪ್ರಕಾರ ನೋಡಿದರೆ ಆ 1,68,491ರಲ್ಲಿ ಅವನಿಗೆ ಎಡೆಯಿಲ್ಲ. ತರಗತಿಯಲ್ಲಿ ನಾನು ಈ ವ್ಯಾಖ್ಯೆಯನ್ನೂ ಓದಿ ಹೇಳಿದೆ. ಗುರುಗಳು ಚೆನ್ನಾಗಿ ಅಭ್ಯಾಸ ಮಾಡಿದ್ದೀಯೆಂದರು.

ಆಗ ತಂದೆಯವರು ಬನಹಟ್ಟಿಗೆ ಹೋಗಿ ಅವರ ಮನೆಯ ಕಟ್ಟೆಯ ಮೇಲೆ ಒಂದು ಹಗಲು ಕುಳಿತು ಬಂದರು. ಯಾರೂ ಬಯ್ಯಲಿಲ್ಲವಂತೆ, ಒಳಗೆ ಮಗ್ಗ ನಡೆದೇ ಇತ್ತಂತೆ. ಮುಂದಿನ ಸುಗ್ಗಿಗೆ ಎರಡೂ ಟ್ರೇಲರುಗಳಿಗೆ ದೀಪ ಹಾಕಿಸಿದರು, ಕೆಂಪು ಪಟ್ಟಿ ಅಂಟಿಸಿದರು. 2024ರ ಜನವರಿ ಕೊನೆಯಲ್ಲಿ ನಮ್ಮ ತಾಲೂಕಿನ ಆಲಗೂರಿನ ಬಳಿ ನಡುರಾತ್ರಿ ಶಾಲೆಯ ಬಸ್ಸಿಗೂ ಟ್ರ್ಯಾಕ್ಟರಿಗೂ ಡಿಕ್ಕಿಯಾಗಿ ನಾಲ್ವರು ಮಕ್ಕಳು ಸತ್ತ ಸುದ್ದಿ ಬಂದಾಗ, ಅವರು ಊಟದಿಂದ ಅರ್ಧಕ್ಕೇ ಎದ್ದರು.

ದೀಪವಿಲ್ಲದ್ದು ತಮ್ಮ ತಪ್ಪೆಂದೇ ಅವರು ತಿಳಿದಿದ್ದಾರೆ. ಬ್ಯಾಟರಿ ಎಲ್ಲಿತ್ತೆಂದು ನನ್ನನ್ನು ಒಮ್ಮೆಯೂ ಕೇಳಲಿಲ್ಲ. ನಾನೂ ಹೇಳಿಲ್ಲ.

ಅವರಿಗೆ ಅಕ್ಷರ ಬಾರದು. ಈ ಸಂಚಿಕೆಯನ್ನು ಮನೆಗೆ ಒಯ್ದರೆ ನನ್ನ ಹೆಸರಿರುವ ಪುಟದ ಮೇಲೆ ಕೈಯಾಡಿಸಿ, 'ಏನ ಬರದೀಯೋ, ಒಂಚೂರು ಓದಿ ಹೇಳು' ಎಂದು ಕೇಳುತ್ತಾರೆ.