ಮೂಸಿದ ಹೂವು

ಮೂಸಿದ ಹೂವು ದೇವರಿಗೆ ಆಗುವುದಿಲ್ಲ ಎನ್ನುವುದು ನಮ್ಮಮ್ಮನ ಕಾನೂನು. ಮೂಸಿ ನೋಡದೆ ಗುಲಾಬಿ ಗಿಡ ಕೊಳ್ಳಬಾರದು ಎನ್ನುವುದು ನನ್ನದು. ಅಮ್ಮನ ಕಾನೂನು ಅವಳ ಅಜ್ಜಿಯಿಂದ ಬಂದದ್ದು. ನನ್ನದು ಪೆಟ್ಟು ತಿಂದು ಕಲಿತದ್ದು. ಈ ಎರಡರ ನಡುವೆ ನಮ್ಮ ಹಿತ್ತಿಲಿನ ಗುಲಾಬಿಗಳು ಹೇಗೋ ಬದುಕಿಕೊಂಡಿವೆ.

ನನಗೆ ಗುಲಾಬಿಯ ಹುಚ್ಚು ಹಿಡಿದದ್ದು ಕಣ್ಣಿನಿಂದಲ್ಲ, ನಾಲಗೆಯಿಂದ. ತಾತ ಊಟವಾದ ಮೇಲೆ ಹಾಕಿಕೊಳ್ಳುತ್ತಿದ್ದ ಬೀಡಾದಿಂದ ಒಂದು ಚೂರು ಗುಲ್ಕನ್ ಕಿರುಬೆರಳಲ್ಲಿ ತೆಗೆದು ನನ್ನ ಬಾಯಿಗೆ ಇಡುತ್ತಿದ್ದರು. ದೊಡ್ಡವನಾದ ಮೇಲೆ ವಿ.ವಿ. ಪುರದ ತಿಂಡಿ ಬೀದಿಯಲ್ಲಿ ಹಣ್ಣಿನ ಚೂರುಗಳ ಮೇಲೆ ಗುಲ್ಕನ್ನು, ಅದರ ಮೇಲೆ ಬೆಣ್ಣೆ ಹಾಕಿ ಕೊಡುವುದನ್ನು ಎಷ್ಟು ಸಲ ತಿಂದಿದ್ದೇನೋ ಲೆಕ್ಕವಿಲ್ಲ. ತಿಂದಾಗಲೆಲ್ಲ ಸಕ್ಕರೆ ಸಿಗುತ್ತಿತ್ತು, ತಾತ ಸಿಗುತ್ತಿರಲಿಲ್ಲ. ಹೂವು ನಮ್ಮದೇ ಆದರೆ ಸಿಗಬಹುದು ಅಂದುಕೊಂಡೆ.

ಒಂದು ಭಾನುವಾರ ನರ್ಸರಿಯೊಂದಕ್ಕೆ ಹೋದೆ. ಅಲ್ಲಿದ್ದಾತ ಕೆಂಡದಂಥ ಹೂ ಬಿಟ್ಟ ಗಿಡವೊಂದನ್ನು ಮುಂದಿಟ್ಟು, ‘ಮನೆಯೆಲ್ಲ ಘಮ್ಮನ್ನುತ್ತೆ ಸಾರ್’ ಎಂದ. ಅಷ್ಟು ಜನರ ಎದುರಿಗೆ ಬಗ್ಗಿ ಮೂಸಲು ಸಂಕೋಚವಾಯಿತು. ಮನೆಗೆ ತಂದು ಮೂಸಿದರೆ ಮೂಗಿಗೆ ಬಂದದ್ದು ಕುಂಡದ ಮಣ್ಣಿನ ವಾಸನೆ. ಹೂವೇನೋ ಎಂಟು ದಿನ ಅಲುಗಾಡದೆ ನಿಂತಿತ್ತು, ಪ್ಲಾಸ್ಟಿಕ್ಕಿನ ಹಾಗೆ. ಮುಂದಿನ ಬೇಸಿಗೆಗೆ ಕಸಿ ಕಟ್ಟಿದ ಮೇಲಿನ ಕೊಂಬೆ ಸತ್ತುಹೋಯಿತು. ಕೆಳಗಿನ ಬೇರುಗಿಡ ಮಾತ್ರ ಹಬ್ಬಿಕೊಂಡು ಮೇಲೆ ಬಂತು. ಐದೆಸಳಿನ ಎಲೆ ಹೋಗಿ ಏಳೆಸಳಿನದು ಬಂದಿದ್ದನ್ನು ನೋಡಿಯೂ ನನಗೆ ಬುದ್ಧಿ ಬರಲಿಲ್ಲ. ಎರಡು ವರ್ಷ ಆ ಕಾಡುಗುಲಾಬಿಗೆ ಗೊಬ್ಬರ ಹಾಕಿ, ನೀರೆರೆದು, ಮೊಗ್ಗಿಗಾಗಿ ಕಾದೆ. ಬಾಡಿಗೆದಾರ ಹೋದ ಮೇಲೂ ಅವನ ಹೆಸರಿಗೆ ಕಾಗದ ಬರೆಯುತ್ತ ಕೂತ ಹಾಗೆ.

ವಾಸನೆ ಇಲ್ಲದ್ದು ನರ್ಸರಿಯವನ ತಪ್ಪಲ್ಲ, ಅದು ಮಾರುಕಟ್ಟೆಯ ತೀರ್ಮಾನ. ಲಾರಿಯಲ್ಲಿ, ವಿಮಾನದಲ್ಲಿ ಪ್ರಯಾಣ ಮಾಡಿ, ಹೂದಾನಿಯಲ್ಲಿ ವಾರ ನಿಲ್ಲುವ ಹೂ ಬೇಕು ಎಂದವರು ಉದ್ದ ತೊಟ್ಟನ್ನೂ ದಪ್ಪ ಎಸಳನ್ನೂ ಆರಿಸುತ್ತ ಹೋದರು. ಪರಿಮಳವನ್ನು ಯಾರೂ ಕೇಳಲಿಲ್ಲ, ಅದು ಹೇಳದೆ ಕೇಳದೆ ಎದ್ದು ಹೋಯಿತು. ಫ್ರಾನ್ಸಿನ ವಿಜ್ಞಾನಿಗಳು ಘಮಘಮಿಸುವ ‘ಪಾಪಾ ಮೆಯಾಂ’ ಎಂಬ ಗುಲಾಬಿಯನ್ನೂ ವಾಸನೆಯೇ ಇಲ್ಲದ ‘ರೂಜ್ ಮೆಯಾಂ’ ಎಂಬುದನ್ನೂ ಪಕ್ಕಪಕ್ಕ ಇಟ್ಟು ನೋಡಿ 2015ರಲ್ಲಿ ಒಂದು ಸಂಗತಿ ಪ್ರಕಟಿಸಿದರು. ಗುಲಾಬಿಯ ವಾಸನೆಯ ಮುಖ್ಯ ಭಾಗವಾದ ಜೆರಾನಿಯಾಲ್ ತಯಾರಾಗಬೇಕಾದರೆ ಎಸಳಿನಲ್ಲಿ ಒಂದು ಕಿಣ್ವ ಚುರುಕಾಗಿರಬೇಕು; ಎರಡನೆಯದರಲ್ಲಿ ಅದು ಸುಮ್ಮನೆ ಕೂತಿದೆ. ನನ್ನ ಕೆಂಡಗುಲಾಬಿಯೂ ಆ ವಂಶದ್ದೇ ಇರಬೇಕು. ಅಂದ ಹಾಗೆ ಎರಡಕ್ಕೂ ಮನೆತನದ ಹೆಸರು ಒಂದೇ. ಅಣ್ಣತಮ್ಮಂದಿರಲ್ಲಿ ಒಬ್ಬ ಮಾತುಗಾರ, ಇನ್ನೊಬ್ಬ ಮೂಗ.

ಕೊನೆಗೆ ನನ್ನ ಕೈಹಿಡಿದದ್ದು ಹಿಂದಿನ ಬೀದಿಯ ಅಜ್ಜಿಯೊಬ್ಬರು. ‘ತಿನ್ನಕ್ಕೆ ಅಂದ್ರೆ ಪನ್ನೀರ್ ಗುಲಾಬಿ ಹಾಕಬೇಕಪ್ಪ, ಅಂಗಡಿ ಗುಲಾಬಿ ಅಲ್ಲ’ ಎಂದು ಬೇಲಿಯ ಮೇಲಿಂದಲೇ ಮೂರು ಕಡ್ಡಿ ಮುರಿದುಕೊಟ್ಟರು. ಪೆನ್ಸಿಲ್ ದಪ್ಪ, ಒಂದು ಗೇಣು ಉದ್ದ. ಓರೆಯಾಗಿ ನೆಡು, ಮೇಲಿನ ತುದಿಗೆ ಸಗಣಿ ಉಂಡೆ ಮೆತ್ತು, ಚಿಗುರಿತು ಅಂತ ಕಿತ್ತು ನೋಡಬೇಡ ಎಂದು ಮೂರು ಆಜ್ಞೆ ಮಾಡಿದರು. ಮೂರನೆಯದನ್ನು ಒಂದು ಕಡ್ಡಿಯ ವಿಷಯದಲ್ಲಿ ಮೀರಿದೆ, ಅದು ಸತ್ತಿತು. ಉಳಿದೆರಡು ಆಷಾಢದ ಜಡಿಮಳೆಯಲ್ಲಿ ಬೇರು ಬಿಟ್ಟವು. ಕಸಿಯಿಲ್ಲದ ಗಿಡಕ್ಕೆ ಇದೊಂದು ಅನುಕೂಲ: ಬುಡದಿಂದ ಏನೇ ಬಂದರೂ ಅದೇ ಗಿಡ.

ಪನ್ನೀರು ಗುಲಾಬಿ ನೋಡಲು ಬಡವರ ಮನೆಯ ಹೂವು. ತೆಳು ಗುಲಾಬಿ ಬಣ್ಣ, ಕೆದರಿದ ತಲೆ, ತೊಟ್ಟಿನ ತುಂಬ ಸಣ್ಣ ಮುಳ್ಳು. ಪುಸ್ತಕಗಳಲ್ಲಿ ಇದಕ್ಕೆ ಎಡ್ವರ್ಡ್ ಗುಲಾಬಿ ಎಂಬ ದೊರೆಯಂಥ ಹೆಸರೂ ಇದೆ. ಹುಟ್ಟಿದ್ದು ಹಿಂದೂ ಮಹಾಸಾಗರದ ಬೂರ್ಬೊನ್ ದ್ವೀಪದಲ್ಲಿ. ಈಗ ಅದನ್ನು ರಿಯೂನಿಯನ್ ಎನ್ನುತ್ತಾರೆ. ಅಲ್ಲಿನ ರೈತರು ಚೀನಾದ ಗುಲಾಬಿಯನ್ನೂ ಡಮಾಸ್ಕ್ ಗುಲಾಬಿಯನ್ನೂ ಜೊತೆಜೊತೆಯಾಗಿ ಬೇಲಿಗೆ ಹಾಕುತ್ತಿದ್ದರು. ಬೇಲಿಯಲ್ಲಿ ನಡೆದ ಗುಟ್ಟಿನ ಮದುವೆಯ ಕೂಸನ್ನು 1817ರ ಸುಮಾರಿಗೆ ಬ್ರೆಯೋಂ ಎಂಬ ಫ್ರೆಂಚ್ ಸಸ್ಯವಿಜ್ಞಾನಿ ಗುರುತಿಸಿದ. ಕೂಸಿಗೆ ಡಮಾಸ್ಕ್ ಗುಲಾಬಿಯ ಪರಿಮಳ ಬಂತು, ಚೀನಾದ ಗುಲಾಬಿಯ ಹಾಗೆ ಮತ್ತೆ ಮತ್ತೆ ಹೂ ಬಿಡುವ ಗುಣ ಬಂತು. ಈ ಎರಡನೆಯದು ನಮಗೆ ದೊಡ್ಡ ಮಾತು. ಅತ್ತರಿಗೆ ಹೆಸರಾದ ಬಲ್ಗೇರಿಯಾದ ಕಜಾನ್ಲಿಕ್ ಕಣಿವೆಯ ಡಮಾಸ್ಕ್ ಗುಲಾಬಿ ವರ್ಷಕ್ಕೊಮ್ಮೆ, ಮೇ ತಿಂಗಳ ಹೊತ್ತಿಗೆ ಹೂ ಬಿಟ್ಟು ಮುಗಿಸುತ್ತದೆ, ಅದಕ್ಕೂ ಗಡಗಡ ನಡುಗುವ ಚಳಿಗಾಲ ಬೇಕು. ಬೆಂಗಳೂರಿನ ಚಳಿ ಅದಕ್ಕೆ ಚಳಿಯೇ ಅಲ್ಲ. ನಮ್ಮ ಬೇಲಿಯ ಕೂಸು ಮಾತ್ರ ಅಕ್ಟೋಬರಿನಲ್ಲಿ ಸವರಿಬಿಟ್ಟರೆ ಒಂದೂವರೆ ತಿಂಗಳಲ್ಲಿ ಗೊಂಚಲು ಗೊಂಚಲಾಗಿ ಬಂದು ನಿಲ್ಲುತ್ತದೆ.

ಈ ಹೂವಿನ ಹೆಸರೇ ನನಗೆ ಬಹಳ ದಿನ ಕಾಡಿತ್ತು. ಗುಲ್ ಎಂದರೆ ಹೂ, ಆಬ್ ಎಂದರೆ ನೀರು. ಪಾರಸಿಯಲ್ಲಿ ಗುಲಾಬ್ ಎಂದರೆ ಹೂವಲ್ಲ, ಹೂವಿನಿಂದ ಇಳಿಸಿದ ನೀರು. ನಾವು ಕನ್ನಡಿಗರು ಆ ನೀರಿಗೆ ಪನ್ನೀರು ಎಂದೆವು, ನೀರಿನ ಹೆಸರನ್ನು ಹೂವಿಗೆ ಕೊಟ್ಟೆವು. ಹಾಗಾಗಿ ಪನ್ನೀರು ಗುಲಾಬಿ ಎಂದರೆ ಪನ್ನೀರು ಪನ್ನೀರು ಎಂದ ಹಾಗೆ. ಮದುವೆ ಮನೆಯ ಬಾಗಿಲಲ್ಲಿ ಬೆಳ್ಳಿಯ ಪನ್ನೀರುದಾನಿ ಹಿಡಿದ ಹುಡುಗಿ ಬಂದವರಿಗೆಲ್ಲ ಎರಡೆರಡು ಸಲ ಚಿಮುಕಿಸಿದ ಹಾಗೆ. ಹೆಸರಿಟ್ಟವರಿಗೆ ರಸಾಯನಶಾಸ್ತ್ರ ಗೊತ್ತಿರಲಿಲ್ಲ, ಆದರೆ ಮೂಗಿತ್ತು. ಗುಲಾಬಿಯ ವಾಸನೆಯಲ್ಲಿ ಮುಖ್ಯವಾದ ಫಿನೈಲ್ ಈಥೈಲ್ ಆಲ್ಕೊಹಾಲ್ ನೀರಿನಲ್ಲಿ ಕರಗುತ್ತದೆ. ಬಟ್ಟಿ ಇಳಿಸುವಾಗ ಎಣ್ಣೆ ಮೇಲೆ ತೇಲಿದರೂ ಇದರ ಬಹುಪಾಲು ನೀರಿನಲ್ಲೇ ಉಳಿಯುತ್ತದೆ. ಕಿಲೋ ಅತ್ತರೆಣ್ಣೆಗೆ ಮೂರು ನಾಲ್ಕು ಸಾವಿರ ಕಿಲೋ ಹೂ ಬೇಕೆಂದು ಕೇಳಿದ ದಿನವೇ ನಾನು ಆ ದಾರಿ ಬಿಟ್ಟೆ. ಗುಲ್ಕನ್ನಿನ ಕತೆಯೂ ಚೆನ್ನಾಗಿದೆ. ಸಂಸ್ಕೃತದ ಖಂಡ, ಅಂದರೆ ನಮ್ಮ ಖಂಡಸಾರಿಯ ಖಂಡ, ಪಾರಸಿಗೆ ಹೋಗಿ ಕಂದ್ ಆಗಿ, ಅಲ್ಲಿ ಗುಲ್ ಅನ್ನು ಕಟ್ಟಿಕೊಂಡು ಗುಲ್ಕಂದ್ ಎಂದು ತವರಿಗೆ ಮರಳಿತು. ನಾವು ಅದರ ಬಾಲ ಕತ್ತರಿಸಿ ಗುಲ್ಕನ್ ಮಾಡಿಕೊಂಡೆವು.

ತಿನ್ನುವ ಗುಲಾಬಿ ಬೆಳೆಸುವವನಿಗೆ ಕಷ್ಟ ಬರುವುದು ಚಿಗುರಿನ ಕಾಲದಲ್ಲಿ. ಎಳೆ ಮೊಗ್ಗಿನ ಕುತ್ತಿಗೆಗೆ ಹಸಿರು ಹೇನು ಮುತ್ತಿಕೊಳ್ಳುತ್ತವೆ. ನೋಡಲು ಬಂದವರೆಲ್ಲ ಔಷಧದ ಹೆಸರು ಹೇಳಿ ಹೋಗುತ್ತಾರೆ. ಅಂಥ ಔಷಧಗಳಲ್ಲಿ ಹಲವು ಎಲೆಯಿಂದ ಒಳಗಿಳಿದು ಗಿಡದ ರಸದಲ್ಲೇ ಸೇರಿಕೊಳ್ಳುತ್ತವೆ. ಎಸಳನ್ನು ನಲ್ಲಿಯ ಕೆಳಗೆ ಎಷ್ಟು ಹೊತ್ತು ಹಿಡಿದರೂ ಹೋಗುವುದಿಲ್ಲ. ಹೂದಾನಿಗೆಂದು ಬೆಳೆದ ಹೂವನ್ನು ಬಾಯಿಗಿಡಬಾರದು ಎನ್ನುವುದು ಅದಕ್ಕೇ. ನಾನು ಬೆರಳಲ್ಲಿ ಒರೆಸುತ್ತೇನೆ, ಪೈಪಿನ ನೀರು ರಭಸವಾಗಿ ಬಿಡುತ್ತೇನೆ, ತೀರಾ ಮಿತಿಮೀರಿದರೆ ಬೇವಿನೆಣ್ಣೆ, ಆಮೇಲೆ ಒಂದಷ್ಟು ದಿನ ಹೂ ಕೀಳುವುದಿಲ್ಲ. ಹೇನು ಪೂರ್ತಿ ಹೋದರೂ ತೊಂದರೆಯೇ. ಒಂದಿಷ್ಟು ಉಳಿದರೆ ಗುಲಗಂಜಿ ಹುಳುಗಳು ಊಟಕ್ಕೆ ಬರುತ್ತವೆ, ಬಂದರೆ ನನ್ನ ಬೆರಳಿಗೆ ರಜೆ. ಮಳೆಗಾಲದ ಕಪ್ಪು ಚುಕ್ಕೆ ರೋಗಕ್ಕೆ ಮಾತ್ರ ನನ್ನ ಹತ್ತಿರ ಉತ್ತರವಿಲ್ಲ; ಬಿದ್ದ ಎಲೆ ಆರಿಸಿ ಹೊರಗೆ ಹಾಕುತ್ತೇನೆ, ಬೈದುಕೊಳ್ಳುತ್ತೇನೆ.

ಹೂ ಕೀಳಬೇಕಾದದ್ದು ಬಿಸಿಲು ಮುಟ್ಟುವ ಮೊದಲು. ಹೊತ್ತೇರಿದ ಹಾಗೆ ಪರಿಮಳ ಗಾಳಿಯ ಪಾಲು. ಅಮ್ಮನೂ ನಾನೂ ಹಿತ್ತಿಲಲ್ಲಿ ಎದುರುಬದುರಾಗುವುದು ಈ ಹೊತ್ತಿನಲ್ಲೇ. ಅವಳ ಕೈಯಲ್ಲಿ ಹೂಬುಟ್ಟಿ, ನನ್ನ ಕೈಯಲ್ಲಿ ಸ್ಟೀಲ್ ಪಾತ್ರೆ. ನಾನು ಗಿಡದ ಕಡೆ ಬಗ್ಗಿದರೆ ಸಾಕು, ‘ಮೂಸಬೇಡ, ಮೂಸಬೇಡ, ಮೊದಲು ನನ್ನದು ಆಗಲಿ’ ಎಂದು ಕೂಗುತ್ತಾಳೆ. ದೇವರ ಪಾಲು ಬುಟ್ಟಿಗೆ ಹೋದ ಮೇಲೆ ಉಳಿದದ್ದು ಮೂಗಿನ ಪಾಲು. ಅಮ್ಮನಿಗೆ ಈ ಗುಲಾಬಿಯ ಮೇಲೆ ಒಂದು ದೂರೂ ಇದೆ: ಬೆಳಗ್ಗೆ ಏರಿಸಿದ್ದು ಮಧ್ಯಾಹ್ನಕ್ಕೆ ಉದುರಿ ದೇವರ ಪೀಠವೆಲ್ಲ ಎಸಳು. ಆ ದೂರೇ ನನಗೆ ಅನುಕೂಲ. ತೊಟ್ಟು ಹಿಡಿದು ಮೆಲ್ಲಗೆ ಎಳೆದರೆ ಮೂವತ್ತು ನಲವತ್ತು ಎಸಳು ಒಟ್ಟಿಗೇ ಕೈಗೆ ಬರುತ್ತವೆ. ಎಂಟು ದಿನ ನಿಲ್ಲುವ ಹೂವಿನ ಎಸಳನ್ನು ಒಂದೊಂದಾಗಿ ಕೀಳಬೇಕಾಗುತ್ತಿತ್ತು, ಕಿತ್ತರೂ ಚರ್ಮದ ಹಾಗೆ ಜಗಿಯಬೇಕಾಗುತ್ತಿತ್ತು.

ಎಸಳಿನ ಬುಡದ ಬಿಳಿ ತುದಿ ಕಹಿ, ಅದನ್ನು ಚಿವುಟಬೇಕು. ಇದು ಬೇಸರದ ಕೆಲಸ, ಮನೆಗೆ ಬಂದ ನೆಂಟರಿಗೆ ವಹಿಸುತ್ತೇನೆ. ಮೊದಲ ವರ್ಷ ಎಸಳನ್ನು ತೊಳೆದು, ಆರಿಸದೆ, ಸಕ್ಕರೆಗೆ ಹಾಕಿದೆ. ಹತ್ತು ದಿನಕ್ಕೆ ಭರಣಿಯ ಮೇಲೆ ಬೂಷ್ಟು ಬೆಳೆಯಿತು. ಈಗ ನೆರಳಲ್ಲಿ ಬಟ್ಟೆಯ ಮೇಲೆ ಹರಡಿ ನೀರು ಆರಿಸುತ್ತೇನೆ. ಎಸಳು ಒಂದು ತೂಕ, ಪುಡಿ ಮಾಡಿದ ಕಲ್ಲುಸಕ್ಕರೆ ಎರಡು ತೂಕ. ಎರಡೇ ಗಿಡದ ಮನೆಯಲ್ಲಿ ಭರಣಿ ಒಂದೇ ದಿನಕ್ಕೆ ತುಂಬುವುದಿಲ್ಲ, ದಿನಕ್ಕೊಂದು ಪದರ ಹಾಕುತ್ತ ಹೋಗಬೇಕು. ಸಕ್ಕರೆ ಎಸಳಿನೊಳಗಿನ ನೀರನ್ನೆಲ್ಲ ಹೊರಗೆ ಸೆಳೆದುಕೊಂಡು ತಾನೇ ಪಾಕವಾಗುತ್ತದೆ, ಒಲೆ ಬೇಡ. ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ತಾರಸಿಯ ಬಿಸಿಲು ಮೂರು ನಾಲ್ಕು ವಾರ ಸಿಕ್ಕರೆ ಸಾಕು. ತೆಳು ಗುಲಾಬಿ ಬಣ್ಣ ಮೊದಲು ಮಾಸಿ, ಆಮೇಲೆ ಹುಣಸೆಯ ಕಂದಿಗೆ ತಿರುಗುತ್ತದೆ. ಇರುವೆಗಳಿಗಾಗಿ ಭರಣಿಯ ಕೆಳಗೆ ನೀರಿನ ತಟ್ಟೆ. ಕೆಲವು ಇರುವೆಗಳು ಈಜುತ್ತವೆ ಎಂಬುದೂ ನನಗೆ ಆಗಲೇ ತಿಳಿದದ್ದು.

ಕಳೆದ ಗೋಕುಲಾಷ್ಟಮಿಗೆ ದೇವರ ಮುಂದೆ ಚಕ್ಕುಲಿ, ಉಂಡೆ, ಅವಲಕ್ಕಿಗಳ ನಡುವೆ ಒಂದು ಬೆಳ್ಳಿ ಬಟ್ಟಲಲ್ಲಿ ನನ್ನ ಗುಲ್ಕನ್ ಕೂತಿತ್ತು. ನನಗೆ ಗಾಬರಿಯಾಯಿತು. ‘ಅಮ್ಮಾ, ಅದೆಲ್ಲ ನಾನು ಮೂಸಿದ ಹೂವು.’

ಅಮ್ಮ ದೀಪದ ಬತ್ತಿ ಸರಿಮಾಡುತ್ತಲೇ, ‘ಸಕ್ಕರೆಗೆ ಬಿದ್ದ ಮೇಲೆ ಅದು ಹೂವಲ್ಲ, ತಿಂಡಿ. ತಿಂಡಿಗೆ ಬೇರೆ ಲೆಕ್ಕ’ ಎಂದಳು. ಒಂದು ಕ್ಷಣ ಬಿಟ್ಟು ತಿರುಗಿ ನೋಡಿದಳು. ‘ಭರಣಿಗೇನೂ ಮೂಗು ಹಾಕಲಿಲ್ಲ ತಾನೆ?’

ತಾತನ ಕಿರುಬೆರಳು ಸಿಕ್ಕೀತೇನೋ ಎಂದು ದಿನಾ ಬೆಳಗ್ಗೆ ತಾರಸಿಗೆ ಹತ್ತಿ, ಮುಚ್ಚಳ ತೆಗೆದು, ಕಣ್ಣು ಮುಚ್ಚಿ ನಿಲ್ಲುತ್ತಿದ್ದವನು ನಾನು.

‘ಇಲ್ಲಮ್ಮ’ ಎಂದೆ.