ಕಾಗದದಲ್ಲಿ ಎದ್ದು ನಿಂತ ಹಿತ್ತಲು

‘ಹಿತ್ತಲು’ ಎಂಬ ಪದವನ್ನು ಇಂಗ್ಲಿಷಿಗೆ ತರುವುದು ಸುಲಭವಲ್ಲ. ‘ಗಾರ್ಡನ್’ ಎಂದರೆ ಹುಲ್ಲುಹಾಸು, ಹೂಪಾತಿ, ನೋಡಿ ಮೆಚ್ಚುವವರ ಕಣ್ಣು ಎಲ್ಲವೂ ಒಳಗೆ ಬಂದುಬಿಡುತ್ತವೆ. ‘ಬ್ಯಾಕ್‌ಯಾರ್ಡ್’ ಎಂದರೆ ಬರಿಯ ಜಾಗ ಉಳಿಯುತ್ತದೆ. ನಮ್ಮ ಮಲೆನಾಡಿನ ಹಿತ್ತಲಿಗೆ ಈ ಎರಡೂ ಹೆಸರುಗಳು ಹೊಂದುವುದಿಲ್ಲ. ಬಚ್ಚಲ ನೀರು ಹರಿದು ಕೆಸುವನ್ನೂ ಬಾಳೆಯನ್ನೂ ಸಾಕುವ ನೆಲ ಅದು. ಒಗ್ಗರಣೆಯ ಎಣ್ಣೆ ಕಾಯುವಷ್ಟರಲ್ಲಿ ಹೋಗಿ ಕರಿಬೇವು ಕಿತ್ತು ತರಬಹುದಾದ ದೂರ. ಅದನ್ನು ಯಾರೂ ಕುಳಿತು ಯೋಜಿಸಿದ್ದಿಲ್ಲ. ಎಸೆದ ಬೀಜ, ನೆರೆಯವರು ಕೊಟ್ಟ ಕಡ್ಡಿ, ನೀರು ತಾನಾಗಿ ಕಂಡುಕೊಂಡ ದಾರಿ ಇವೆಲ್ಲ ಕೂಡಿ ಅದನ್ನು ಬೆಳೆಸಿದವು. ‘ಹಿತ್ತಲ ಗಿಡ ಮದ್ದಲ್ಲ’ ಎಂದು ಗಾದೆ ಕಟ್ಟಿದವರಿಗೆ ಆ ಗಿಡ ಎಷ್ಟು ಹತ್ತಿರವಿದ್ದಿರಬೇಕು!

ತೀರ್ಥಹಳ್ಳಿ ತಾಲೂಕಿನ ನಮ್ಮ ಮನೆಯ ಹಿತ್ತಲು ಈಗ ಇಲ್ಲ. ದಾಯಾದಿಗಳ ನಡುವೆ ಪಾಲಾದ ಮೇಲೆ ಮನೆಯನ್ನು ಮಾರಬೇಕಾಯಿತು. ಕೊಂಡವರು ಮನೆಯನ್ನು ಹೋಂಸ್ಟೇ ಮಾಡಿದರು. ಜೆಸಿಬಿ ತರಿಸಿ ಹಿತ್ತಲನ್ನು ಮಟ್ಟಸ ಮಾಡಿ, ವಾಹನ ನಿಲ್ಲಿಸಲು ಜಲ್ಲಿ ಹಾಸಿದರು. ಅದು ಅವರ ನೆಲ, ಅವರ ಹಕ್ಕು; ದೂರುವುದಕ್ಕೇನೂ ಇಲ್ಲ. ಅಮ್ಮ ಅಷ್ಟರಲ್ಲಾಗಲೇ ದೆಹಲಿಯ ನಮ್ಮ ಸರಕಾರಿ ವಸತಿಗೃಹಕ್ಕೆ ಬಂದಿದ್ದರು. ಎರಡನೆಯ ಮಹಡಿ, ಬಾಲ್ಕನಿಯಲ್ಲಿ ಒಂದು ತುಳಸಿ, ಜೂನ್ ತಿಂಗಳ ಬಿಸಿಗಾಳಿಗೆ ಪ್ರತಿವರ್ಷ ಸತ್ತಂತಾಗಿ ಮಳೆಗೆ ಮತ್ತೆ ಚಿಗುರುವ ಒಂದು ಕರಿಬೇವು. ಊರಿನ ಸುದ್ದಿಯನ್ನು ಅವರು ಫೋನಿನಲ್ಲಿ ಕೇಳಿದರು, ‘ಹೌದಾ’ ಎಂದರು, ಫೋನನ್ನು ನನ್ನ ಕೈಗೆ ಕೊಟ್ಟರು. ಆಮೇಲೆ ಎರಡು ವರ್ಷ ಹಿತ್ತಲಿನ ಮಾತನ್ನೇ ಎತ್ತಲಿಲ್ಲ.

ಅವರಿಗೆ ಎಪ್ಪತ್ತೈದು ತುಂಬುವ ವರ್ಷ ಏನಾದರೂ ಕೊಡಬೇಕೆನಿಸಿ ಹಳೆಯ ಫೋಟೋಗಳನ್ನೆಲ್ಲ ಹರಡಿಕೊಂಡು ಕುಳಿತೆ. ಜಗಲಿಯ ಫೋಟೋಗಳಿವೆ, ಅಂಗಳದ ಮದುವೆಯ ಚಪ್ಪರದ್ದಿವೆ, ತುಳಸಿಕಟ್ಟೆಯ ಮುಂದೆ ಸಾಲಾಗಿ ನಿಂತ ಮೊಮ್ಮಕ್ಕಳದ್ದಿವೆ. ಹಿತ್ತಲಿನದು ಒಂದೂ ಇಲ್ಲ. ಫೋಟೋ ತೆಗೆಯುವಾಗ ನಾವೆಲ್ಲ ಮನೆಯ ಮುಂದೆ ನಿಲ್ಲುತ್ತೇವೆ. ಅಮ್ಮ ತಮ್ಮ ಆಯುಷ್ಯದ ಹೆಚ್ಚು ಪಾಲನ್ನು ಕಳೆದದ್ದು ಮನೆಯ ಹಿಂದೆ. ಅದೇ ಹೊತ್ತಿಗೆ ಮಗಳು ಶಾಲೆಯಲ್ಲಿ ಕಲಿತು ಬಂದು, ತೆರೆದರೆ ಒಳಗಿನ ಚಿತ್ರ ಎದ್ದು ನಿಲ್ಲುವ ಕಾರ್ಡೊಂದನ್ನು ಮಾಡುತ್ತಿದ್ದಳು. ಆ ಉಪಾಯ ನನಗೆ ಸಿಕ್ಕಿದ್ದು ಅಲ್ಲಿಂದ.

ಈ ವಿದ್ಯೆ ಮಕ್ಕಳಾಟಕ್ಕಿಂತ ಹಳೆಯದು. 1570ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಯೂಕ್ಲಿಡನ ಇಂಗ್ಲಿಷ್ ಅನುವಾದದಲ್ಲಿ, ಘನಾಕೃತಿಗಳನ್ನು ವಿವರಿಸುವ ಕಡೆ ಎತ್ತಿ ನಿಲ್ಲಿಸಬಹುದಾದ ಕಾಗದದ ತುಂಡುಗಳನ್ನು ಅಂಟಿಸಿದ್ದರು. 1980ರ ದಶಕದಲ್ಲಿ ಜಪಾನಿನ ವಾಸ್ತುಶಿಲ್ಪಿ ಮಸಹಿರೊ ಚತಾನಿ ಒಂದೇ ಹಾಳೆಯನ್ನು ಕತ್ತರಿಸಿ ಮಡಿಸಿ ಕಟ್ಟಡಗಳನ್ನು ಎಬ್ಬಿಸುವ ಕಲೆಯನ್ನು ಬೆಳೆಸಿದರು. ಆದರೆ ನನ್ನ ಕೆಲಸಕ್ಕೆ ಎಲ್ಲರಿಗಿಂತ ಹತ್ತಿರದವನು ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಹೆಸರು ಮಾಡಿದ ಇಂಗ್ಲೆಂಡಿನ ತೋಟಗಳ ವಿನ್ಯಾಸಕಾರ ಹಂಫ್ರಿ ರೆಪ್ಟನ್. ಎಂ.ಎ. ತರಗತಿಯಲ್ಲಿ ಜೇನ್ ಆಸ್ಟಿನ್ನಳ ‘ಮ್ಯಾನ್ಸ್‌ಫೀಲ್ಡ್ ಪಾರ್ಕ್’ ಓದುವಾಗ ಅವನ ಹೆಸರು ಎದುರಾಗಿತ್ತು. ಆತ ಜಮೀನುದಾರರಿಗೆ ಕೆಂಪು ರಟ್ಟಿನ ಪುಸ್ತಕಗಳನ್ನು ಮಾಡಿಕೊಡುತ್ತಿದ್ದ. ಜಲವರ್ಣ ಚಿತ್ರದಲ್ಲಿ ಇದ್ದ ಹಾಗೆಯೇ ಜಮೀನು ಕಾಣುತ್ತದೆ. ಅದರ ಮೇಲೆ ಅಂಟಿಸಿದ ಪುಟ್ಟ ಕಾಗದವನ್ನು ಎತ್ತಿದರೆ, ಅವನು ಸುಧಾರಿಸಿದ ಮೇಲೆ ಅದೇ ಜಮೀನು ಹೇಗಿರುತ್ತದೆಂಬುದು ತೆರೆದುಕೊಳ್ಳುತ್ತದೆ. ಅವನ ಕಾಗದ ಮುಂದೆ ಬರುವುದನ್ನು ತೋರಿಸುತ್ತಿತ್ತು. ನನ್ನದು ಆಗಿಹೋದುದನ್ನು ತೋರಿಸಬೇಕಾಗಿತ್ತು. ಸುಧಾರಣೆ ಹೇಗೂ ಮುಗಿದಿತ್ತು.

ಒಂದು ಶನಿವಾರ ಹಳೆ ದೆಹಲಿಯ ಚಾವ್ಡಿ ಬಜಾರಿಗೆ ಹೋದೆ. ಮದುವೆಯ ಆಮಂತ್ರಣಪತ್ರಗಳ, ಕಾಗದದ ಸಗಟು ಅಂಗಡಿಗಳ ಬೀದಿ ಅದು. ಮಡಿಸಿದರೆ ಸೀಳದ, ನಿಲ್ಲಿಸಿದರೆ ಬಾಗದ ಕಾಗದ ಬೇಕೆಂದು ಕೇಳಿದಾಗ ಅಂಗಡಿಯಾತ ಬುಡಕ್ಕೆ 250 ಜಿಎಸ್‌ಎಂ, ಗಿಡಗಳಿಗೆ 160 ಜಿಎಸ್‌ಎಂ ಹಾಳೆಗಳನ್ನು ಕೊಟ್ಟ. ಕಾಗದಕ್ಕೂ ಮರದಂತೆ ಎಳೆಯ ದಿಕ್ಕು ಇದೆಯೆಂದು ತೋರಿಸಿದವನೂ ಅವನೇ. ಹಾಳೆಯನ್ನು ಎರಡೂ ಕಡೆ ಮೆಲ್ಲನೆ ಬಾಗಿಸಿದರೆ ಒಂದು ಕಡೆ ಸುಲಭವಾಗಿ ಬಾಗುತ್ತದೆ. ಮಡಿಕೆಯನ್ನು ಆ ದಿಕ್ಕಿನಲ್ಲೇ ಹಾಕಬೇಕು. ಇಲ್ಲವಾದರೆ ಅಂಚು ಒಡೆದು ಹಿಂಜಿಕೊಳ್ಳುತ್ತದೆ. ಮಡಿಸುವ ಮೊದಲು ಸ್ಕೇಲಿಟ್ಟು, ಶಾಯಿ ಮುಗಿದ ಬಾಲ್‌ಪೆನ್ನಿನಿಂದ ಒತ್ತಿ ಗೆರೆ ಎಳೆದುಕೊಂಡರೆ ಮಡಿಕೆ ನೇರವಾಗಿ ಬೀಳುತ್ತದೆ. ನಮ್ಮ ಕಚೇರಿಯ ಕಡತಗಳು ಇ-ಆಫೀಸಿಗೆ ಏರಿದ ಮೇಲೆ ಕಾಗದದ ಸ್ಪರ್ಶವೇ ಮರೆತಿದ್ದ ಬೆರಳುಗಳಿಗೆ ಇದೊಂದು ಹೊಸ ಪಾಠ.

ಕಾರ್ಡಿನ ಲೆಕ್ಕ ಸರಳ. ಎ4 ಹಾಳೆಯನ್ನು ನಡುವೆ ಮಡಿಸಿದರೆ ಪ್ರತಿ ಪುಟ ಸುಮಾರು 148 ಮಿಲಿಮೀಟರ್. ಒಂದು ಪುಟ ನೆಲ, ಇನ್ನೊಂದು ಹಿಂಬದಿಯ ಗೋಡೆ. ಗಿಡವನ್ನು ಮಡಿಕೆಯಿಂದ 60 ಮಿಲಿಮೀಟರ್ ಮುಂದೆ ನೆಟ್ಟರೆ, ಅದನ್ನು ಗೋಡೆಗೆ ಜೋಡಿಸುವ ಪಟ್ಟಿಯೂ ಸರಿಯಾಗಿ 60 ಮಿಲಿಮೀಟರ್ ಇರಬೇಕು. ಆಗ ನೆಲ, ಗೋಡೆ, ಗಿಡ, ಪಟ್ಟಿ ನಾಲ್ಕೂ ಸೇರಿ ಸಮಾಂತರ ಚತುರ್ಭುಜವಾಗಿ, ಕಾರ್ಡು ಮುಚ್ಚಿದಾಗ ಒಟ್ಟಿಗೆ ಮಲಗುತ್ತವೆ, ತೆರೆದಾಗ ಒಟ್ಟಿಗೆ ಏಳುತ್ತವೆ. ಗಿಡ ಮುಂದಕ್ಕೆ ಮಲಗುವುದರಿಂದ ಅದರ ದೂರ ಮತ್ತು ಎತ್ತರ ಕೂಡಿ 148 ದಾಟಬಾರದು. ದಾಟಿದರೆ ಮುಚ್ಚಿದ ಕಾರ್ಡಿನಿಂದ ತಲೆ ಹೊರಗೆ ಚಾಚುತ್ತದೆ. ಅಂದರೆ ಎತ್ತರದ್ದೆಲ್ಲ ಹಿಂದೆ, ಕುಳ್ಳಗಿನದೆಲ್ಲ ಮುಂದೆ. ಅಡಿಗೆಮನೆಯ ಬಾಗಿಲಲ್ಲಿ ನಿಂತವರಿಗೆ ನಮ್ಮ ಹಿತ್ತಲು ಕಾಣುತ್ತಿದ್ದದ್ದೂ ಹಾಗೆಯೇ: ಕಾಲ ಬುಡದಲ್ಲಿ ಒಂದೆಲಗ, ಆಮೇಲೆ ಕೆಸು, ಅದರಾಚೆ ಬಿಳಿ ದಾಸವಾಳ, ಬಸಳೆಯ ಚಪ್ಪರ, ಕೊನೆಗೆ ಬೇಲಿಗೊರಗಿ ಹಲಸು.

ಗುಟ್ಟಾಗಿ ಮಾಡಿ ಕೊಡುವ ಯೋಚನೆಯನ್ನು ಮೊದಲೇ ಕೈಬಿಟ್ಟೆ. ಯಾವ ಗಿಡ ಎಲ್ಲಿತ್ತೆಂದು ಬಲ್ಲವರು ಅವರೊಬ್ಬರೇ. ರಾತ್ರಿ ಊಟವಾದ ಮೇಲೆ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಒಂದು ಚೌಕ ಬರೆದು ಪೆನ್ಸಿಲನ್ನು ಅಮ್ಮನ ಮುಂದಿಟ್ಟೆ. ಸ್ವಲ್ಪ ಹೊತ್ತು ಸುಮ್ಮನೆ ನೋಡಿದರು. ಆಮೇಲೆ ಗಿಡ ಬರೆಯುವ ಬದಲು ಬಚ್ಚಲ ತೂಬಿನಿಂದ ಒಂದು ಗೆರೆ ಎಳೆದರು.

“ನೀರು ಹೀಗೆ ಹೋಗ್ತಿತ್ತು. ಮೊದ್ಲು ಇದನ್ನ ಹಾಕು. ಉಳಿದಿದ್ದೆಲ್ಲ ಆಮೇಲೆ ತಾನೇ ಬರುತ್ತೆ.”

ಹಾಗೆಯೇ ಬಂತು. ನೀರಿನ ಗೆರೆ ಹಿಡಿದು ಕೆಸು, ಬಾಳೆ, ಅದರ ಪಕ್ಕದ ಬಟ್ಟೆ ಒಗೆಯುವ ಕಲ್ಲು. ಹಲಸಿನ ಮರ ಮಾತ್ರ ನನ್ನ ಲೆಕ್ಕಕ್ಕೆ ಒಗ್ಗಲಿಲ್ಲ. ಎಷ್ಟು ಹಿಂದಕ್ಕೆ ತಳ್ಳಿದರೂ ಅದಕ್ಕೆ ಸಿಗುವ ಎತ್ತರ 125 ಮಿಲಿಮೀಟರ್ ಮಾತ್ರ. ಅಮ್ಮ ಅದಕ್ಕೂ ದಾರಿ ಹೇಳಿದರು. “ತುದಿ ಯಾಕೋ? ಹಿತ್ತಲಲ್ಲಿ ನಿಂತವ್ರಿಗೆ ಹಲಸಿನ ತುದಿ ಎಲ್ಲಿ ಕಾಣ್ತಿತ್ತು? ಕಾಯಿ ಬಿಡೋದು ಬೊಡ್ಡೇಲಿ. ಬೊಡ್ಡೆ ಸಾಕು.”

ಹನ್ನೊಂದು ರಾತ್ರಿ ಕೆಲಸ ನಡೆಯಿತು. ಮಗಳು ಕತ್ತರಿಸಿದಳು, ನಾನು ಮಡಿಸಿದೆ, ಹೆಂಡತಿ ಬಣ್ಣ ಹಚ್ಚಿದಳು, ಅಮ್ಮ ಬೆಂಕಿಕಡ್ಡಿಯ ತುದಿಯಲ್ಲಿ ಫೆವಿಕಾಲ್ ಸವರಿಕೊಟ್ಟರು. ಅಂಟು ಹೆಚ್ಚಾದರೆ ಕಾಗದ ಸುಕ್ಕುಗಟ್ಟುತ್ತದೆ. ದೋಸೆಕಾವಲಿಗೆ ಎಣ್ಣೆ ಸವರಿದ ಕೈಗೆ ಅಷ್ಟು ತೆಳುವಾಗಿ ಸವರುವುದನ್ನು ಯಾರೂ ಕಲಿಸಬೇಕಾಗಲಿಲ್ಲ. ಕೊನೆಯಲ್ಲಿ ಗೋರಂಟಿಯ ಬೇಲಿಯನ್ನು ಒಂದೇ ಪಟ್ಟಿಯಾಗಿ ಕತ್ತರಿಸಿ ನಿಲ್ಲಿಸುವಾಗ ಅಮ್ಮ ತಡೆದರು.

“ಅಲ್ಲೊಂದು ಕಂಡಿ ಬೇಕು ಕಣೋ.”

ಬೇಲಿಯ ಕಂಡಿ ನನ್ನ ನೆನಪಿನಲ್ಲಿ ಇರಲೇ ಇಲ್ಲ. ಆಚೆಮನೆಯ ಅತ್ತೆ ಮಧ್ಯಾಹ್ನದ ಪಾತ್ರೆ ತೊಳೆದು ಬರುತ್ತಿದ್ದದ್ದು ಆ ಕಂಡಿಯಿಂದ. ಹೆಪ್ಪಿನ ಮೊಸರು, ಅಬ್ಬಲಿಗೆಯ ದಂಡೆ, ಸಾಲದ ಸಕ್ಕರೆ, ಹೆಣ್ಣುಮಕ್ಕಳ ಮದುವೆಯ ಚಿಂತೆ, ಯಾರ ಮುಂದೆಯೂ ಆಡಲಾಗದ ಅಳು ಎಲ್ಲವೂ ಆ ಎರಡಡಿಯ ಸಂದಿಯಲ್ಲಿ ನಲವತ್ತು ವರ್ಷ ಹೋಗಿಬಂದಿದ್ದವು. ನಾವು ಮಕ್ಕಳು ಹಿತ್ತಲು ಎಂದರೆ ಗಿಡಮರ ಎಂದುಕೊಂಡಿದ್ದೆವು. ಅಮ್ಮನಿಗೆ ಗಿಡಮರ ಆ ಕಂಡಿಯವರೆಗೆ ಹೋಗಲು ನೆಪ. ಬೇಲಿಯನ್ನು ಎರಡು ತುಂಡು ಮಾಡಿ ನಡುವೆ ಬೆರಳಗಲ ಜಾಗ ಬಿಟ್ಟೆ.

ಹುಟ್ಟಿದ ದಿನದ ಬೆಳಿಗ್ಗೆ ಅಮ್ಮ ಕಾರ್ಡನ್ನು ನಾಲ್ಕೈದು ಸಲ ತೆರೆದರು, ಮುಚ್ಚಿದರು. ಚೆನ್ನಾಗಿದೆ ಎಂದರು. ಮತ್ತೆ, “ಇದನ್ನ ಅತ್ತಿಗೆಗೆ ಕಳ್ಸು” ಎಂದರು. ಇದು ನಿನಗೆಂದೇ ಮಾಡಿದ್ದು ಎಂದೆ. “ನಂಗೆ ಎಲ್ಲಿ ಏನಿತ್ತು ಅಂತ ಗೊತ್ತು. ಅವ್ರು ದಿನಾ ಬೆಳಿಗ್ಗೆ ಆ ಜಲ್ಲಿ ನೋಡ್ಬೇಕಲ್ಲ” ಎಂದರು.

ಎರಡು ರಟ್ಟುಗಳ ನಡುವೆ ಇಟ್ಟು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿದೆವು. ಆರನೆಯ ದಿನ ಫೋನು ಬಂತು. ಆ ದಿನ ಇಬ್ಬರೂ ಮುಕ್ಕಾಲು ಗಂಟೆ ಮಾತಾಡಿದರು. ಎರಡು ವರ್ಷಗಳ ಮೇಲೆ ಅಮ್ಮ ಮೊದಲ ಬಾರಿ ಹಿತ್ತಲಿನ ಒಂದೊಂದನ್ನೇ ಹೆಸರಿಟ್ಟು ವಿಚಾರಿಸಿದರು. ಹಲಸನ್ನು ಕಡಿದಿಲ್ಲವಂತೆ, ಅದರ ನೆರಳಲ್ಲಿ ಕಾರು ನಿಲ್ಲುತ್ತದಂತೆ. ಒಗೆಯುವ ಕಲ್ಲು ಎಲ್ಲಿ ಹೋಯಿತೋ ತಿಳಿಯದು. ಬಿಳಿ ದಾಸವಾಳ ಹೋಯಿತು; ಆದರೆ ಅದರ ಕಡ್ಡಿಯನ್ನು ಅಮ್ಮನೇ ಎಂದೋ ಕೊಟ್ಟಿದ್ದರಂತೆ, ಅತ್ತೆಯ ಬದಿಯಲ್ಲಿ ಅದು ಆಳೆತ್ತರ ಬೆಳೆದು ದೇವರ ಪೂಜೆಗೆ ಹೂ ಕೊಡುತ್ತಿದೆಯಂತೆ. ಫೋನಿಟ್ಟ ಮೇಲೆ ಅಮ್ಮ ಅತ್ತರು. ನಾವು ಯಾರೂ ತಡೆಯಲಿಲ್ಲ.

ನಾನು ಮಾಡಿದ ಬಗೆಯ ಕಾರ್ಡು ತೊಂಬತ್ತು ಡಿಗ್ರಿಗೆ ತೆರೆದಾಗ ಮಾತ್ರ ನೆಟ್ಟಗೆ ನಿಲ್ಲುತ್ತದೆ. ಪೂರ್ತಿ ಬಿಚ್ಚಿದರೆ ಎಲ್ಲವೂ ಮತ್ತೆ ಚಪ್ಪಟೆಯಾಗುತ್ತದೆ. ಅಲ್ಲಿ ಮಣ್ಣಿನ ವಾಸನೆ ಇಲ್ಲ, ಬಸಳೆಯ ಲೋಳೆ ಇಲ್ಲ, ಜಿಗಣೆಯೂ ಇಲ್ಲ. ಕಾಗದ ಹಿತ್ತಲನ್ನು ಮರಳಿ ತಂದಿತೆಂದು ನಾನು ಹೇಳಲಾರೆ. ಎರಡು ವರ್ಷ ಆಡದೆ ಉಳಿದಿದ್ದ ಮಾತು ಹೊರಗೆ ಬರಲು ಅದೊಂದು ಕಂಡಿಯಾಯಿತು, ಅಷ್ಟೆ.

ಮುಂಬಯಿ, ಪುಣೆ, ಚೆನ್ನೈಗಳ ಮಹಡಿಮನೆಗಳಲ್ಲಿ ನಮ್ಮಂತೆಯೇ ಊರಿನಿಂದ ಕರೆತಂದ ಹಿರಿಯರಿರುವವರು ಈ ಬರಹ ಓದುತ್ತಿರಬಹುದು. ಕಾರ್ಡು ಮಾಡಲು ಬಿಡುವಾಗದಿದ್ದರೂ ಚಿಂತೆಯಿಲ್ಲ. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಒಂದು ಚೌಕ ಬರೆದು ಪೆನ್ಸಿಲನ್ನು ಅವರ ಮುಂದಿಡಿ. ಅವರು ಮೊದಲ ಗೆರೆಯನ್ನು ಎಲ್ಲಿಂದ ಎಳೆಯುತ್ತಾರೆಂದು ನೋಡಿ.