ತಾಯಿಯವರ ಕರಡಿಗೆಯೂ ನಮ್ಮ ಪರದೇಶ ಪ್ರವಾಸವೂ

2019ರ ಯುಗಾದಿ ಕಳೆದ ವಾರ, ಚಾಮರಾಜಪೇಟೆಯ ನಮ್ಮ ಮನೆಯ ಪಡಸಾಲೆಯಲ್ಲಿ ಲೆಕ್ಕದ ಪುಸ್ತಕ ತೆರೆದು ಕುಳಿತೆವು. ಮೂರು ವರ್ಷ ಕಟ್ಟಿದ ಚೀಟಿಯ ಹಣ 70,000 ರೂಪಾಯಿ ಕೈಸೇರಿತ್ತು. ಒಮ್ಮೆಯಾದರೂ ಪರದೇಶವನ್ನು ಕಾಣಬೇಕೆಂಬುದು ನಮ್ಮ ಮನೆಯವರ ಬಹುದಿನದ ಬಯಕೆ. ಪಿಯುಸಿ ಓದುತ್ತಿದ್ದ ಮಗಳು ಬ್ಯಾಂಕಾಕಿನ ಹೆಸರೆತ್ತಿದಳು. ಗಾಂಧಿಬಜಾರಿನ ಕಡೆ ಪ್ರವಾಸ ಸಂಸ್ಥೆಯೊಂದರಲ್ಲಿ ವಿಚಾರಿಸಲಾಗಿ, ನಾಲ್ವರಿಗೆ ಅವರು ಹೇಳಿದ ಮೊತ್ತ ನಮ್ಮ ಚೀಟಿಯ ಎರಡರಷ್ಟಿತ್ತು. ಸಾಲ ಮಾಡಿ ವಿಹಾರ ಹೋಗುವುದು ನಮ್ಮ ಮನೆತನದಲ್ಲಿ ನಡೆದುಬಂದದ್ದಲ್ಲ.

"ನೇಪಾಳವೂ ಪರದೇಶವೇ ಅಲ್ಲವೇನಪ್ಪಾ?" ಎಂದರು ತಾಯಿಯವರು, ಹೆಚ್ಚುತ್ತಿದ್ದ ಬಾಳೆಕಾಯಿಯಿಂದ ತಲೆಯೆತ್ತದೆ. ಕಾಶಿಯ ಜಂಗಮವಾಡಿ ಮಠದೊಡನೆ ಸಂಬಂಧವುಳ್ಳ ಜಂಗಮ ಮಠವೊಂದು ಅಲ್ಲಿನ ಭಕ್ತಪುರದಲ್ಲಿದೆ. ಅಲ್ಲಿಗೊಮ್ಮೆ ಹೋಗಿಬರೋಣವೆಂದು ತಂದೆಯವರು ಹೇಳುತ್ತಿದ್ದರಂತೆ. ಅವರು ಲಿಂಗೈಕ್ಯರಾಗಿ ಆಗಲೇ ಆರು ವರ್ಷ. ಈ ಮಾತು ನಮ್ಮ ಕಿವಿಗೆ ಬಿದ್ದದ್ದು ಅಂದೇ ಮೊದಲು.

ಲೆಕ್ಕ ಹಾಕಿದಂತೆಲ್ಲ ನೇಪಾಳ ನಮ್ಮ ಕೈಗೆಟುಕತೊಡಗಿತು. ಭಾರತೀಯರಿಗೆ ವೀಸಾ ಬೇಡ. ನಮ್ಮ 100 ರೂಪಾಯಿಗೆ ಅಲ್ಲಿನ 160 ರೂಪಾಯಿ; 1993ರಿಂದ ಈ ದರ ಬದಲಾಗಿಲ್ಲ. ಉಳಿದದ್ದು ವಿಮಾನವೋ ರೈಲೋ ಎಂಬ ಪ್ರಶ್ನೆ. ತಾಯಿಯವರ ಇಷ್ಟಲಿಂಗವಿರುವುದು ಬೆಳ್ಳಿಯ ಕರಡಿಗೆಯಲ್ಲಿ. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಅದನ್ನು ಕಳಚಿ ತಟ್ಟೆಯಲ್ಲಿಡಬೇಕಾದೀತೆಂದು ಮಗಳು ಬಾಯಿತಪ್ಪಿ ಹೇಳಿಬಿಟ್ಟಳು. "ಕೊರಳಿಂದ ಇಳಿಸುವ ಮಾತಿದ್ದರೆ ನನ್ನನ್ನು ಬಿಟ್ಟು ಹೋಗಿಬನ್ನಿ" ಎಂದರು ತಾಯಿಯವರು. ವಿನಂತಿಸಿಕೊಂಡಿದ್ದರೆ ಅಲ್ಲಿನವರು ಬಿಡುತ್ತಿದ್ದರೇನೋ. ಆದರೆ ಅವರ ಮನಸ್ಸಿನ ಅಳುಕನ್ನು ಕಳೆಯುವುದು ನಮ್ಮಿಂದಾಗಲಿಲ್ಲ. ಎರಡು ರಾತ್ರಿಗಳ ಪಯಣ, ಅವರ ಮಂಡಿನೋವು, ಇವೆರಡನ್ನೂ ನೆನೆದು ಅಂಜುತ್ತಲೇ ಸಂಘಮಿತ್ರಾ ರೈಲಿನ ಟಿಕೆಟ್ ಪಡೆದೆವು. ಆಗ 120 ದಿನ ಮೊದಲೇ ಕಾದಿರಿಸಬಹುದಿತ್ತು. 2024ರ ನವೆಂಬರಿನಿಂದ ಅದು 60 ದಿನಕ್ಕೆ ಇಳಿದಿದೆ. ದಸರೆಯ ರಜೆಯಾದ್ದರಿಂದ ಮೊದಲ ದಿನವೇ ಮುಂಗಡ ಮಾಡಿದ್ದು ಒಳಿತಾಯಿತು. ತಾಯಿಯವರಿಗೆ ಕೆಳಗಿನ ಬರ್ತು ದೊರೆಯಿತು.

ತೊಡಕಾದದ್ದು ಕಾಗದಪತ್ರಗಳಲ್ಲಿ. ಪಾಸ್‌ಪೋರ್ಟ್ ಇಲ್ಲದವರಿಗೆ ಮತದಾರರ ಗುರುತಿನ ಚೀಟಿ ಸಾಕು. ಆಧಾರ್ ಮಾತ್ರ 15 ತುಂಬದವರಿಗೆ ಮತ್ತು 65 ದಾಟಿದವರಿಗೆ ನಡೆಯುತ್ತದೆಂದು ಆ ವರ್ಷದ ಜನವರಿಯಲ್ಲಿ ಕೇಂದ್ರ ಗೃಹ ಸಚಿವಾಲಯ ತಿಳಿಸಿತ್ತು. 15ರಿಂದ 18ರೊಳಗಿನ ಮಕ್ಕಳಿಗೆ ಪ್ರಾಂಶುಪಾಲರು ನಿಗದಿತ ನಮೂನೆಯಲ್ಲಿ ಪ್ರಮಾಣಪತ್ರ ಕೊಡಬೇಕು. ಮಗಳಿಗೆ ಅದನ್ನು ಪಡೆಯಲು ಕಾಲೇಜಿಗೆ ಮೂರು ಬಾರಿ ಅಲೆದೆವು. ತಾಯಿಯವರಿಗೆ ವಯಸ್ಸು 68; ಆಧಾರಿನಲ್ಲಿ ಮಾತ್ರ ಯಾರೋ 1955ರ ಜನವರಿ 1 ಎಂದು ಬರೆದುಬಿಟ್ಟಿದ್ದರು. ಕಾಗದದ ಮೇಲೆ ಅವರಿಗೆ ಇನ್ನೂ 64! ಅವರ ಮತದಾರರ ಚೀಟಿಯೋ, ಎಲ್ಲಿ ಹುಡುಕಿದರೂ ಇಲ್ಲ.

ಹೊರಡಲು ಹದಿನೈದು ದಿನವಿತ್ತು. ತಾವು ಉಳಿಯುವುದಾಗಿ ತಾಯಿಯವರೇ ಹೇಳತೊಡಗಿದ್ದರು. ಒಂದು ಸಂಜೆ ನಮ್ಮ ಮನೆಯವರು ಪೂಜೆಯ ಕೋಣೆಯ ಗೂಡನ್ನು ಒರೆಸುವಾಗ, ತಂದೆಯವರು ಓದುತ್ತಿದ್ದ ವಚನಗಳ ಪುಸ್ತಕದ ನಡುವೆ ಚೀಟಿ ಸಿಕ್ಕಿತು. ಒಂದಲ್ಲ, ಎರಡು, ಇಬ್ಬರದೂ ಒಂದರ ಮೇಲೊಂದು ಇತ್ತು. ತಾಯಿಯವರು ಎರಡನ್ನೂ ಇಸಿದುಕೊಂಡು ಸುಮ್ಮನೆ ಒಳಗೆ ಹೋದರು.

ಮಲ್ಲೇಶ್ವರದಲ್ಲಿ ಕೊಂಡ ಖಡಕ್ ರೊಟ್ಟಿ, ಮನೆಯ ಚಟ್ನಿಪುಡಿ, ಒಗ್ಗರಣೆ ಅವಲಕ್ಕಿಗಳಿಂದ ದಾರಿಯ ಊಟದ ಖರ್ಚು ಬಹುಮಟ್ಟಿಗೆ ಉಳಿಯಿತು. ಕಾಶಿಯಲ್ಲಿ ಮೂರು ದಿನ ಜಂಗಮವಾಡಿ ಮಠದಲ್ಲೇ ತಂಗಿ ತಾಯಿಯವರ ಮಂಡಿಗೆ ವಿಶ್ರಾಂತಿ ಕೊಟ್ಟೆವು. ಅಲ್ಲಿಂದ ಗೋರಖಪುರದ ಮಾರ್ಗವಾಗಿ ಸುನೌಲಿ ಗಡಿ. 2018ರ ಡಿಸೆಂಬರಿನಲ್ಲಿ ನೇಪಾಳವು ನೂರಕ್ಕಿಂತ ದೊಡ್ಡ ಭಾರತೀಯ ನೋಟುಗಳನ್ನು ನಿಷೇಧಿಸಿದ್ದರಿಂದ ನೂರರ ಕಟ್ಟುಗಳನ್ನೇ ಒಯ್ದಿದ್ದೆವು. ಈ ನಿಯಮಗಳು ಬದಲಾಗುತ್ತಿರುತ್ತವೆ, ಹೊರಡುವವರು ವಿಚಾರಿಸಿಕೊಳ್ಳುವುದು ಲೇಸು. ಗಡಿಯಲ್ಲಿ ಚೀಟಿ ನೋಡಿ ಕಳಿಸಲು ಎರಡು ನಿಮಿಷವೂ ಹಿಡಿಯಲಿಲ್ಲ. ಕಾಠ್ಮಂಡುವಿನ ಪಶುಪತಿನಾಥನ ಸನ್ನಿಧಿಯಲ್ಲಿ ಪೂಜೆ ಮಾಡುವ ಭಟ್ಟರು ನಮ್ಮ ಕರ್ನಾಟಕದ ಮೂಲದವರೆಂದು ತಿಳಿದು ಮಗಳಿಗೂ ಬ್ಯಾಂಕಾಕ್ ಮರೆತುಹೋಯಿತು.

ಭಕ್ತಪುರದಲ್ಲಿ 2015ರ ಭೂಕಂಪದ ಗಾಯಗಳು ಇನ್ನೂ ಕಾಣುತ್ತಿದ್ದವು. ಮಠದಲ್ಲಿದ್ದ ಹಿರಿಯರಿಗೆ ಕನ್ನಡ ಬಾರದು, ತಾಯಿಯವರಿಗೆ ಅವರ ಮಾತು ತಿಳಿಯದು. ಕೊರಳ ಕರಡಿಗೆಯನ್ನು ಕಂಡೊಡನೆ ಅವರು ಕೈಮುಗಿದು ಒಳಕರೆದು ಕೂರಲು ಹಾಸಿಕೊಟ್ಟರು. ತಾಯಿಯವರು ಸೆರಗಿನ ಗಂಟು ಬಿಚ್ಚಿ ತಂದೆಯವರ ಗುರುತಿನ ಚೀಟಿಯನ್ನು ತೆಗೆದು, ಪಕ್ಕದಲ್ಲಿಟ್ಟುಕೊಂಡು ಪೂಜೆಗೆ ಕುಳಿತರು. ಅದನ್ನೂ ತಂದಿದ್ದರೆಂದು ನಮಗೆ ತಿಳಿದದ್ದು ಆಗಲೇ.